ಮನೆಯ ಹಿರಿಯರಿಗೆ ಯಾವ ಆರೋಗ್ಯ ರಕ್ಷಣೆ?

ಪಾಲಹಳ್ಳಿಯ ರೈತ ಬಾಂಧವರೇ,

ನಾಲೆಗೆ ನೀರು ಬರುವ ಮೊದಲೇ ಬದು ಸರಿಪಡಿಸುವವರು ನೀವು. ಹಿರಿಯರ ಕಾಯಿಲೆಯ ಖರ್ಚಿಗೂ ಹಾಗೆಯೇ ಮುಂಚಿತವಾಗಿ ಏರ್ಪಾಡು ಮಾಡತಕ್ಕದ್ದು. ಇಲ್ಲವಾದರೆ ಒಂದು ಶಸ್ತ್ರಚಿಕಿತ್ಸೆಗೆ ಕಬ್ಬಿನ ಹಣವೆಲ್ಲ ಹೋಗಿ, ಸಾಲ ಉಳಿದೀತು.

1. ಬಿ.ಪಿ.ಎಲ್. ಚೀಟಿ ಇದ್ದವರಿಗೆ: 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಚಿತ. ಕಂತು ಕಟ್ಟಬೇಕಾಗಿಲ್ಲ.

2. ಎ.ಪಿ.ಎಲ್. ಚೀಟಿಯವರಿಗೆ: ಅದೇ ಯೋಜನೆಯಲ್ಲಿ ಸರ್ಕಾರ ಕೊಡುವುದು ನಿಗದಿತ ದರದ ನೂರಕ್ಕೆ 30 ಭಾಗ ಮಾತ್ರ, ಮಿಕ್ಕಿದ್ದು ನಿಮ್ಮದು.

3. ಸಹಕಾರ ಸಂಘದ ಸದಸ್ಯರಿಗೆ: ಯಶಸ್ವಿನಿ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ನೋಂದಣಿಗೆ ತೆರೆಯಿತು. ವಾರ್ಷಿಕ ಶುಲ್ಕವುಂಟು, ಕುಟುಂಬಕ್ಕೆ 5 ಲಕ್ಷ ರೂ.ವರೆಗೆ ನೆರವು. ಕಾಯಿಲೆ ಬಿದ್ದ ಮೇಲೆ ಸೇರಲು ಬಾರದು. ನೋಂದಣಿಯ ಅವಧಿಯಲ್ಲೇ ಸೇರಬೇಕು.

ಆದುದರಿಂದ ಬಿ.ಪಿ.ಎಲ್. ಮನೆಯವರಿಗೆ ಮೊದಲನೆಯದೇ ಆಧಾರ. ಎ.ಪಿ.ಎಲ್. ಮನೆಯವರು ಸಂಘದ ಸದಸ್ಯರಾಗಿದ್ದಲ್ಲಿ ಯಶಸ್ವಿನಿಯನ್ನು ಬಿಡಬೇಡಿ.

ಎಚ್ಚರ: ತುರ್ತು ಸಂದರ್ಭ ಬಿಟ್ಟರೆ, ಆರೋಗ್ಯ ಕರ್ನಾಟಕದಡಿ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮೊದಲು ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ತೋರಿಸಿರಿ.

ಇಂದು ಸಂಜೆಯೇ ಪಡಿತರ ಚೀಟಿ ತೆಗೆದು, ಅದರಲ್ಲಿ ತಂದೆತಾಯಿಯರ ಹೆಸರಿದೆಯೇ, ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿರಿ. ತಪ್ಪಿದ್ದಲ್ಲಿ ಈಗಲೇ ತಿದ್ದಿಸಿರಿ.