ಸಿಯಾಟಲ್ ಮಳೆಯಲ್ಲಿ ಲಿಲಿ ಗೆಡ್ಡೆ ಉಳಿಸಿಕೊಳ್ಳಲು

ಸಿಯಾಟಲ್, ಪೋರ್ಟ್‌ಲೆಂಡ್ ಕಡೆ ಮನೆ ಮಾಡಿದ ಕನ್ನಡಿಗರು ಹಿತ್ತಲಲ್ಲಿ ನೆಟ್ಟ ಲಿಲಿ ಮೊದಲ ಬೇಸಿಗೆಯಲ್ಲಿ ಚೆನ್ನಾಗಿಯೇ ಹೂ ಬಿಡುತ್ತದೆ. ಮರುವರ್ಷ ಚಿಗುರೇ ಕಾಣದಿದ್ದರೆ ಚಳಿಯನ್ನು ದೂರುತ್ತೇವೆ. ಲಿಲಿಗೆ ಆ ಚಳಿ ಬೇಕೇ ಬೇಕು; ಕೊಲ್ಲುವುದು ನೀರು. ಸಿಯಾಟಲ್‌ನ ವರ್ಷದ ಮಳೆಯ ಮುಕ್ಕಾಲು ಪಾಲು ಅಕ್ಟೋಬರ್‌ನಿಂದ ಮಾರ್ಚ್‌ ಒಳಗೇ ಸುರಿಯುತ್ತದೆ, ಅದೂ ಗಿಡಕ್ಕೆ ನೀರಿನ ಅಗತ್ಯ ತೀರಾ ಕಡಿಮೆಯಿರುವಾಗ.

1. ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಟ್ಯುಲಿಪ್‌ಗಿರುವ ಒಣ ಸಿಪ್ಪೆ ಇದಕ್ಕಿಲ್ಲ. ಬಿಡಿಬಿಡಿ ಎಸಳುಗಳ ಸಂದಿಯಲ್ಲಿ ನೀರು ನಿಂತರೆ ಕೊಳೆ ಶುರುವಾಗುತ್ತದೆ.

2. ನೆಡುವ ಮೊದಲು ಮಣ್ಣನ್ನು ಪರೀಕ್ಷಿಸಿ. 30 ಸೆಂ.ಮೀ. ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಗಂಟೆಗೆ 2.5 ಸೆಂ.ಮೀ. ಕೂಡ ಇಳಿಯದಿದ್ದರೆ ಆ ಜಾಗ ಬೇಡ.

3. ಬೇರೆ ಜಾಗವಿಲ್ಲವೇ? 20ರಿಂದ 30 ಸೆಂ.ಮೀ. ಎತ್ತರದ ಏರುಮಡಿ ಮಾಡಿ. ಮಲೆನಾಡಿನಲ್ಲಿ ಶುಂಠಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಗುಂಡಿಯ ತಳಕ್ಕೆ ಜಲ್ಲಿ ಹಾಕುವ ರೂಢಿಯನ್ನು ದಯವಿಟ್ಟು ಕೈಬಿಡಿ. ಮೇಲಿನ ನುಣುಪು ಮಣ್ಣು ಪೂರ್ತಿ ನೆನೆದು ತೊಯ್ಯುವವರೆಗೂ ನೀರು ಜಲ್ಲಿಗೆ ಇಳಿಯುವುದಿಲ್ಲ. ಇಳಿದರೂ ಸುತ್ತಲಿನ ಜೇಡಿಮಣ್ಣು ಅದನ್ನು ಅಲ್ಲೇ ಕಟ್ಟಿಹಾಕುತ್ತದೆ. ಪ್ಯೂಮಿಸ್ ಕಲ್ಲಿನ ಪುಡಿಯನ್ನೋ ದಪ್ಪ ಹರಳನ್ನೋ ಇಡೀ ಮಡಿಗೆ ಬೆರೆಸಿ. ಜೇಡಿಗೆ ಸಣ್ಣ ಮರಳು ಬೆರೆಸಿದರೆ ಮಣ್ಣು ಗಟ್ಟಿಯಾಗುತ್ತದೆ, ಅಷ್ಟೇ.

4. ಗೆಡ್ಡೆಯ ಮೇಲೆ 10ರಿಂದ 15 ಸೆಂ.ಮೀ. ಮಣ್ಣಿರಲಿ. ಮಡೋನಾ ಲಿಲಿಗೆ ಮಾತ್ರ 2–3 ಸೆಂ.ಮೀ. ಸಾಕು. ತುಸು ಓರೆಯಾಗಿ ಮಲಗಿಸಿದರೆ ಎಸಳುಗಳೊಳಗೆ ನೀರು ನಿಲ್ಲದು.

5. ತಳಿಯ ತವರು ತಿಳಿದುಕೊಳ್ಳಿ. ರೀಗಲ್ ಲಿಲಿಯ ಗೆಡ್ಡೆಗಳನ್ನು ಸಂಗ್ರಹಿಸಲು 1910ರಲ್ಲಿ ಚೀನಾದ ಸಿಚುವಾನ್‌ನ ಮಿನ್ ಕಣಿವೆಗೆ ಹೋಗಿದ್ದ ಸಸ್ಯಶೋಧಕ ಅರ್ನೆಸ್ಟ್ ವಿಲ್ಸನ್ ಬಂಡೆಗಳು ಉರುಳಿ ಕಾಲು ಮುರಿದುಕೊಂಡರು. ಅಂಥ ಕಡಿದಾದ, ಒಣಗಿದ ಕಲ್ಲಿನ ಇಳಿಜಾರೇ ಆ ಹೂವಿನ ನೆಲೆ. ಅದನ್ನು ತಗ್ಗಿನಲ್ಲಿ ನೆಡುವುದು ಅನ್ಯಾಯ. ತಗ್ಗೇ ಗತಿಯೆಂದಾದರೆ ಅಮೆರಿಕದ ಪಶ್ಚಿಮ ಕರಾವಳಿಯ ರಾಜ್ಯಗಳ ತೊರೆಯಂಚಿನಲ್ಲಿ ಬೆಳೆಯುವ ಲೆಪರ್ಡ್ ಲಿಲಿಯನ್ನು ತನ್ನಿ, ಅದು ತೇವ ತಾಳುತ್ತದೆ.

6. ಮಳೆ ಹಿಡಿಯುತ್ತಿದ್ದಂತೆ ಸ್ಪ್ರಿಂಕ್ಲರ್ ಟೈಮರ್ ಆಫ್ ಮಾಡಿ.

7. ಕಾಂಡ ಪೂರ್ತಿ ಹಳದಿಯಾದ ಮೇಲೆ ಕತ್ತರಿಸಿ, ಗುರುತಿಗೆ ಒಂದಿಷ್ಟು ಮೋಟು ಬಿಡಿ. ಕಿತ್ತರೆ ಗೆಡ್ಡೆಗೆ ಪೆಟ್ಟು, ಉಳಿದ ತೂತಿನಿಂದ ಮಳೆನೀರೂ ಒಳಕ್ಕೆ.

8. ಜಡಿಮಳೆಯ ತಿಂಗಳುಗಳಲ್ಲಿ ಮಡಿಯ ಮೇಲೆ ಪಾರದರ್ಶಕ ಶೀಟನ್ನು ಇಳಿಜಾರಾಗಿ ಕಟ್ಟಿ. ಪಕ್ಕಗಳು ತೆರೆದಿರಲಿ, ಗಾಳಿಯಾಡದಿದ್ದರೆ ಬೂಷ್ಟು ಬರುತ್ತದೆ. ಕುಂಡಗಳನ್ನು ಸೂರಿನಡಿಗೆ ಸರಿಸಿ, ತಳಕ್ಕೆ ಇಟ್ಟಿಗೆ ಚೂರು ಕೊಟ್ಟು ಎತ್ತರಿಸಿ. ಹಾಗೆಂದು ಮಣ್ಣು ಪುಡಿಪುಡಿಯಾಗುವಷ್ಟು ಒಣಗಿಸಬೇಡಿ. ಲಿಲಿ ಗೆಡ್ಡೆ ಪೂರ್ತಿ ಮಲಗುವುದೇ ಇಲ್ಲ.

9. ಗೆಡ್ಡೆ ಅರ್ಧ ಕೊಳೆತಿದ್ದರೂ ಎಸೆಯುವ ಮುನ್ನ ಗಟ್ಟಿಯಾದ ಬಿಳಿ ಎಸಳುಗಳನ್ನು ಬಿಡಿಸಿಕೊಳ್ಳಿ. ತುಸುವೇ ತೇವದ ವರ್ಮಿಕ್ಯುಲೈಟ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯೊಳಗೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟರೆ ಎರಡು ತಿಂಗಳೊಳಗೆ ಬುಡದಲ್ಲಿ ಮರಿಗೆಡ್ಡೆಗಳು ಮೂಡುತ್ತವೆ. ಅವನ್ನು ಹಳೆಯ ಜಾಗಕ್ಕೆ ಹಾಕದೆ ಹೊಸ ಮಡಿಯಲ್ಲೇ ನೆಡಿ.