ಮನೆಯಲ್ಲೇ ಕಾರು ಚಾರ್ಜಿಂಗ್: ಖರ್ಚಿನ ಲೆಕ್ಕ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ವಿದ್ಯುತ್ ಕಾರು ಕೊಳ್ಳುವವರು ಚಾರ್ಜರಿನ ಬೆಲೆ ಕೇಳುವ ಮೊದಲು ದಿನದ ಓಡಾಟ ಲೆಕ್ಕ ಹಾಕಿರಿ. 40 ಕಿ.ಮೀ. ಓಡಲು ಸಣ್ಣ ಕಾರಿಗೆ ಸುಮಾರು 6 ಯೂನಿಟ್ ಬೇಕು. 15 ಆಂಪಿಯರ್ ಸಾಕೆಟ್ಟಿನಲ್ಲಿ ಎರಡು-ಮೂರು ಗಂಟೆ ಸಾಕು.

7.4 ಕಿಲೋವ್ಯಾಟ್ ಚಾರ್ಜರಿಗಾದರೆ 32 ಆಂಪಿಯರ್ ಬೇಕು. ಮಂಜೂರಾದ ಲೋಡ್ ಸಾಲದಿದ್ದರೆ ಮೆಸ್ಕಾಂಗೆ ಅರ್ಜಿ ಸಲ್ಲಿಸಿ ಹೆಚ್ಚಿಸಿಕೊಳ್ಳಬೇಕು; ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ಆದರೆ ಪ್ರತ್ಯೇಕ ವಯರಿಂಗ್, ಅರ್ಥಿಂಗ್ ಹಾಗೂ ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಇವುಗಳಲ್ಲಿ ಜಿಪುಣತನ ಬೇಡ. ಹಟ್ಟಿಯ ಲೈನಿನಿಂದ ಕಾರಿಗೆ ವಯರ್ ಎಳೆಯಲೇಬೇಡಿ. ಒದ್ದೆ ನೆಲಕ್ಕೆ ಸೋರಿದ ವಿದ್ಯುತ್ ಹಸುವಿನ ಪ್ರಾಣ ತೆಗೆಯಬಲ್ಲದು.

ಸಂಜೆ ಹಾಲು ಕರೆಯುವ ಯಂತ್ರ ನಿಂತ ಮೇಲೆಯೇ ಚಾರ್ಜ್ ಮಾಡಿರಿ. ಸಿಡಿಲಿನ ಲಕ್ಷಣ ಕಂಡರೆ ಮೊದಲೇ ಪ್ಲಗ್ ತೆಗೆಯಿರಿ.