ತೊಟ್ಟಿಲಿಗೆ ಮೊದಲು ಕಡತ: ಹೊಸ ಅಪ್ಪ-ಅಮ್ಮಂದಿರಿಗೆ ಹತ್ತು ಸೂತ್ರಗಳು

ತುಮಕೂರಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವರು, ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮಾಡುವವರು, ಗುಬ್ಬಿ-ಕುಣಿಗಲ್ ಕಡೆಯಿಂದ ಬಂದು ಒಂದು ರೂಮು ಬಾಡಿಗೆ ಹಿಡಿದು ಸಂಸಾರ ಹೂಡಿದವರು: ಮಗು ಬರುತ್ತದೆ ಎಂದಾಗ ಇವರೆಲ್ಲರಿಗೂ ಮೊದಲು ಕಾಡುವುದು ದುಡ್ಡಿನ ಲೆಕ್ಕ. ನೆರವು ಇಲ್ಲದೇ ಇಲ್ಲ. ಆದರೆ ಪ್ರತಿಯೊಂದಕ್ಕೂ ಗಡುವಿದೆ, ಕಾಗದವಿದೆ. ಗಡುವು ತಿಳಿದವರಿಗೆ ಹಣ ಸಿಗುತ್ತದೆ, ತಿಳಿಯದವರಿಗೆ ತಪ್ಪುತ್ತದೆ.

1. ಸಿಹಿ ಹಂಚುವ ಮೊದಲು ತಾಯಿ ಕಾರ್ಡ್ ಮಾಡಿಸಿ.
ಗರ್ಭ ನಿಂತದ್ದು ಖಚಿತವಾದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಹೆಸರು ನೋಂದಾಯಿಸಿ ಈ ಕಾರ್ಡ್ ಪಡೆಯಿರಿ. ಮುಂದಿನ ಅರ್ಜಿಗಳಿಗೆಲ್ಲ ಇದೇ ಬುನಾದಿ. 2022ರ ನವೆಂಬರಿನಲ್ಲಿ, ತಾಯಿ ಕಾರ್ಡ್ ಇಲ್ಲವೆಂದು ತುಮಕೂರಿನ ಆಸ್ಪತ್ರೆಯಿಂದ ವಾಪಸಾದ ಗರ್ಭಿಣಿಯೊಬ್ಬರು ಮನೆಯಲ್ಲೇ ಹೆರಿಗೆಯಾಗಿ ಅವಳಿ ಶಿಶುಗಳ ಸಮೇತ ತೀರಿಕೊಂಡರು. ತುರ್ತು ಚಿಕಿತ್ಸೆಗೆ ಯಾವ ಕಾರ್ಡೂ ಬೇಡವೆಂದು ಸರ್ಕಾರ ಆಮೇಲೆ ಸ್ಪಷ್ಟಪಡಿಸಿತು. ನೋವು ಶುರುವಾದ ಹೊತ್ತಿನಲ್ಲಿ ಕಾರ್ಡ್ ಕೇಳಿದರೆ ಈ ಮಾತನ್ನು ಗಟ್ಟಿಯಾಗಿ ಹೇಳಿ, ಜಾಗ ಬಿಟ್ಟು ಕದಲಬೇಡಿ.

2. ಮಾತೃ ವಂದನಾ ಹಣ ಬಿಡಬೇಡಿ.
ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಿಗುತ್ತದೆ: ನೋಂದಣಿ ಮತ್ತು ತಪಾಸಣೆ ಆದ ಮೇಲೆ 3,000, ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್, ನರೇಗಾ ಜಾಬ್ ಕಾರ್ಡ್‌ಗಳಲ್ಲಿ ಯಾವುದಾದರೊಂದು ಅರ್ಹತೆಗೆ ಸಾಕು. ಅಂಗನವಾಡಿ ಟೀಚರ್ ಬಳಿ ಅರ್ಜಿ ಕೊಡಿ.

3. ಹಣ ಯಾವ ಖಾತೆಗೆ ಬೀಳುತ್ತದೆ, ಮೊದಲೇ ನೋಡಿ.
‘ಮಂಜೂರಾಗಿದೆ ಅಂತಾರೆ, ಬಂದಿಲ್ಲ’ ಎಂಬ ದೂರು ಕೇಳದ ಅಂಗನವಾಡಿಯೇ ಇಲ್ಲ. ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದರಷ್ಟೇ ಸಾಲದು, ನೇರ ನಗದು ವರ್ಗಾವಣೆಗೆ (ಡಿಬಿಟಿ) ಎನ್‌ಪಿಸಿಐ ಜೋಡಣೆಯೂ ಆಗಬೇಕು. ಕೊನೆಗೆ ಯಾವ ಖಾತೆಗೆ ಜೋಡಿಸಿದ್ದೀರೋ ಹಣ ಅಲ್ಲಿಗೇ ಹೋಗುತ್ತದೆ. ಎಂದೋ ಸಿಮ್ ಕೊಂಡಾಗ ತೆರೆದು ಮರೆತ ಖಾತೆಯಲ್ಲಿ ಅದು ಕೂತಿರಬಹುದು. ಬ್ಯಾಂಕಿನಲ್ಲಿ ‘ಡಿಬಿಟಿ ನಮ್ಮಲ್ಲೇ ಇದೆಯಾ?’ ಎಂದೇ ಕೇಳಿ.

4. ತವರಿಗೆ ಹೋಗುವಾಗ ಕಡತವೂ ಜೊತೆಗಿರಲಿ.
ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ರೂಢಿ. ತಾಯಿ ಕಾರ್ಡ್, ಇಬ್ಬರ ಆಧಾರ್, ಪಾಸ್‌ಬುಕ್, ಪಡಿತರ ಚೀಟಿಯ ಪ್ರತಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿರಲಿ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ನೀವು ವಾಸವಿರುವ ಊರಿನಲ್ಲಲ್ಲ. ಗುಬ್ಬಿಯಲ್ಲಿ ಹೆರಿಗೆಯಾಗಿದ್ದರೆ ತುಮಕೂರು ಪಾಲಿಕೆಗೆ ಅಲೆದು ಫಲವಿಲ್ಲ. 21 ದಿನದೊಳಗೆ ನೋಂದಣಿ ಉಚಿತ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಜನ್ಮದಿನಾಂಕದ ಪುರಾವೆ ಜನನ ಪ್ರಮಾಣಪತ್ರವೇ. ತಂದೆ-ತಾಯಿಯ ಹೆಸರಿನ ಅಕ್ಷರಗಳನ್ನು ಆಧಾರ್ ಜೊತೆ ತಾಳೆ ನೋಡಿಯೇ ಕೈಗೆ ತಗೊಳ್ಳಿ.

5. ಸಂಬಳದ ಚೀಟಿಯಲ್ಲಿ ಇಎಸ್‌ಐ ಹುಡುಕಿ.
ತಿಂಗಳ ಸಂಬಳ 21,000 ರೂಪಾಯಿ ಮೀರದ, ಇಎಸ್‌ಐಗೆ ಒಳಪಟ್ಟ ಕಾರ್ಮಿಕರ ಕೂಲಿಯಿಂದ ಶೇ. 0.75 ಕಡಿತವಾಗುತ್ತದೆ, ಮಾಲೀಕರು ಶೇ. 3.25 ಕಟ್ಟುತ್ತಾರೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇದ್ದರೆ, ಮೊದಲ ಎರಡು ಹೆರಿಗೆಗೆ 26 ವಾರ ಪೂರ್ತಿ ಕೂಲಿ ಸಿಗುತ್ತದೆ. ಹೆರಿಗೆಗೆ ಸಿಗುವ ನೆರವಿನಲ್ಲಿ ಸಾಮಾನ್ಯವಾಗಿ ದೊಡ್ಡ ಮೊತ್ತ ಇದೇ. ಗುತ್ತಿಗೆದಾರರ ಕೆಳಗಿದ್ದರೆ ವಂತಿಗೆ ನಿಜಕ್ಕೂ ಜಮೆಯಾಗುತ್ತಿದೆಯೇ ಎಂದು ಗರ್ಭ ನಿಲ್ಲುವ ಮೊದಲೇ ನೋಡಿಕೊಳ್ಳಿ. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ ಎಂಬುದೂ ನೆನಪಿರಲಿ.

6. ಕಟ್ಟಡ ಕೆಲಸದವರಿಗೆ ಲೇಬರ್ ಕಾರ್ಡ್.
ಗಾರೆ, ಸೆಂಟ್ರಿಂಗ್, ಟೈಲ್ಸ್ ಕೆಲಸ ಮಾಡುವ ಹೆಣ್ಣುಮಕ್ಕಳು ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಕೊಟ್ಟು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಮೊದಲ ಎರಡು ಹೆರಿಗೆಗೆ ತಾಯಿ ಲಕ್ಷ್ಮೀ ಬಾಂಡ್‌ನಲ್ಲಿ ತಲಾ 50,000 ರೂಪಾಯಿ, ತಾಯಿ-ಮಗು ಸಹಾಯ ಹಸ್ತದಲ್ಲಿ ಮಗುವಿಗೆ ಮೂರು ತುಂಬುವವರೆಗೆ ವರ್ಷಕ್ಕೆ 6,000. ಗಂಡನ ಕಾರ್ಡ್ ಇದಕ್ಕೆ ಸಾಲದು, ಹೆಂಡತಿಯೇ ನೋಂದಾಯಿತ ಕಾರ್ಮಿಕಳಾಗಿರಬೇಕು. ಹೆರಿಗೆಯಾದ ಆರು ತಿಂಗಳೊಳಗೆ ಅರ್ಜಿ ಹಾಕಿ.

7. ಕೂಸು ನೋಡುವವರು ಯಾರು? ಬಸುರಿನ ಆರನೇ ತಿಂಗಳಲ್ಲೇ ಯೋಚಿಸಿ.
50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವೆಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಬಂತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಲು ಎರಡು ವಿರಾಮವೂ ಹಕ್ಕು. ಒಬ್ಬರೇ ಕೇಳಿದರೆ ‘ನೋಡೋಣ’ ಎನ್ನುತ್ತಾರೆ, ಹತ್ತು ತಾಯಂದಿರು ಸಹಿ ಹಾಕಿ ಕೇಳಿ. ಊರಲ್ಲೇ ಉಳಿದು ನರೇಗಾ ಕೆಲಸಕ್ಕೆ ಹೋಗುವವರು ತಮ್ಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯೇ ವಿಚಾರಿಸಿ. ಮೂರು ವರ್ಷದೊಳಗಿನ ಮಕ್ಕಳಿಗೆಂದೇ ಅದು ಶುರುವಾದದ್ದು.

8. ಗೃಹಲಕ್ಷ್ಮಿ ಮಾತು ಮನೆಯಲ್ಲೇ ಮುಗಿಸಿ.
ಒಂದು ಪಡಿತರ ಚೀಟಿಗೆ ಒಬ್ಬಳೇ ಯಜಮಾನಿ, ತಿಂಗಳಿಗೆ 2,000 ಆಕೆಯ ಖಾತೆಗೆ. ಕೂಡು ಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ. ಜಗಳ ಬೇಡ, ಮೊಟ್ಟೆ-ಹಾಲಿಗೆ ಅದರಲ್ಲಿ ಎಷ್ಟು ಎಂದು ಕೂತು ಮಾತಾಡಿ. ಮಗುವಿನ ಹೆಸರನ್ನೂ ಚೀಟಿಗೆ ಸೇರಿಸಿ.

9. ಹೆಣ್ಣುಮಗುವೇ? ಅಂಚೆ ಕಚೇರಿಗೆ ಹೋಗಿ.
ಬಿಪಿಎಲ್ ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಭಾಗ್ಯಲಕ್ಷ್ಮಿ ಇದೆ. 2020-21ರಿಂದ ಅದು ಸುಕನ್ಯಾ ಸಮೃದ್ಧಿ ರೂಪದಲ್ಲಿ ನಡೆಯುತ್ತಿದೆ: ಸರ್ಕಾರವೇ ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಕಟ್ಟುತ್ತದೆ. ಬಿಪಿಎಲ್ ಇಲ್ಲದವರೂ ವರ್ಷಕ್ಕೆ ಕನಿಷ್ಠ 250 ರೂಪಾಯಿಯಿಂದ ಸ್ವಂತ ಖಾತೆ ನಡೆಸಬಹುದು.

10. ಸೂರಿನ ಆಸೆಗೆ ರೆವಿನ್ಯೂ ಸೈಟಿನ ಬಲೆಗೆ ಬೀಳಬೇಡಿ.
ಮನೆ ಪಾಲಿಕೆ ವ್ಯಾಪ್ತಿಯಲ್ಲಿದೆಯೋ ಪಂಚಾಯಿತಿಯಲ್ಲೋ ಎಂಬುದರ ಮೇಲೆ ಯೋಜನೆ ಬದಲಾಗುತ್ತದೆ. ಹಳ್ಳಿಯವರು ಬಸವ ವಸತಿಗಾಗಿ ಗ್ರಾಮಸಭೆಗೆ ತಪ್ಪದೆ ಹೋಗಲಿ, ಆಯ್ಕೆ ನಡೆಯುವುದು ಅಲ್ಲೇ. ನಗರದವರಿಗೆ 2024ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ನಗರ 2.0 ಇದೆ. ವರ್ಷಕ್ಕೆ 9 ಲಕ್ಷದೊಳಗೆ ಆದಾಯವಿದ್ದು ದೇಶದಲ್ಲೆಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದವರ ಸಾಲಕ್ಕೆ ಒಟ್ಟು 1.80 ಲಕ್ಷದವರೆಗೆ ಬಡ್ಡಿ ನೆರವು. ಇನ್ನು, ಭೂಪರಿವರ್ತನೆಯಾಗದ ರೆವಿನ್ಯೂ ಸೈಟು ಬಿ-ಖಾತಾ ಸಿಕ್ಕ ಮಾತ್ರಕ್ಕೆ ಸಕ್ರಮವಾಗದು. ಅಡ್ವಾನ್ಸ್ ಕೊಡುವ ಮುಂಚೆ ಬ್ಯಾಂಕು ಸಾಲ ಕೊಡುತ್ತದೆಯೇ ಕೇಳಿ.

ಕೊನೆಯ ಮಾತು ಅಪ್ಪಂದಿರಿಗೆ. ಖಾಸಗಿ ಕಾರ್ಖಾನೆಯಲ್ಲಿ ನಿಮಗೆ ಪಿತೃತ್ವ ರಜೆಯ ಕಾನೂನಿಲ್ಲ, ನಿಜ. ಆದರೆ ಬಾಣಂತಿಯನ್ನು ಕಚೇರಿಯ ಸಾಲಿನಲ್ಲಿ ನಿಲ್ಲಿಸುವುದು ಬೇಡ. ಈ ತಿಂಗಳ ವಾರದ ರಜೆಗಳಲ್ಲಿ ಒಂದನ್ನು ಈ ಕಡತಕ್ಕೆ ಎತ್ತಿಡಿ, ಮೊದಲು ಅಂಗನವಾಡಿ ಟೀಚರನ್ನು ಕಾಣಿ. ಆ ಒಂದು ದಿನದ ಓಡಾಟಕ್ಕಿಂತ ಹೆಚ್ಚು ಕೂಲಿ ಕೊಡುವ ಪಾಳಿ ಯಾವ ಫ್ಯಾಕ್ಟರಿಯಲ್ಲೂ ಇಲ್ಲ.